ಬ್ಯಾಕಪ್ ಇದ್ದರಷ್ಟೇ ಸಾಲದು, ಅದು ಮರಳಿ ಜೀವ ಪಡೆಯಬೇಕು

ತಂತ್ರಾಂಶ ರಚಿಸುವವರು ತಮ್ಮ ಕೆಲಸವನ್ನು ಇರಿಸಿಕೊಳ್ಳಲು ಬಳಸುವ ಗಿಟ್‌ಲ್ಯಾಬ್ ಅಂತರ್ಜಾಲ ತಾಣದ ಎಂಜಿನಿಯರ್ ಒಬ್ಬರು 2017ರ ಜನವರಿ 31ರ ತಡರಾತ್ರಿ ಡೇಟಾಬೇಸ್ ಸರ್ವರ್‌ಗಳ ದೋಷವೊಂದನ್ನು ಸರಿಪಡಿಸುವುದರಲ್ಲಿ ತೊಡಗಿದ್ದರು. ಮುಖ್ಯ ಸರ್ವರ್‌ನ ಜೊತೆಗೇ ನಡೆಯಬೇಕಿದ್ದ ಎರಡನೆಯ ಸರ್ವರ್ ಹಿಂದೆ ಬಿದ್ದಿತ್ತು. ಅದರಲ್ಲಿದ್ದ ಹಳೆಯ ದತ್ತಾಂಶವನ್ನು ಅಳಿಸಿ ಹೊಸದಾಗಿ ನಕಲು ಮಾಡುವುದು ಅವರ ಉದ್ದೇಶವಾಗಿತ್ತು. ಆದರೆ ಅಳಿಸುವ ಆಜ್ಞೆಯನ್ನು ಅವರು ನೀಡಿದ್ದು ಎರಡನೆಯ ಸರ್ವರ್‌ಗಲ್ಲ, ಮುಖ್ಯ ಸರ್ವರ್‌ಗೆ. ಒಂದೆರಡು ಸೆಕೆಂಡುಗಳಲ್ಲಿ ತಪ್ಪಿನ ಅರಿವಾಗಿ ಆಜ್ಞೆಯನ್ನು ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಕೈತಪ್ಪು ಯಾರಿಂದಲೂ ಆಗಬಹುದು. ಇಲ್ಲಿ ಗಮನಿಸಬೇಕಾದ್ದು ಅದರ ನಂತರದ ಸಂಗತಿ. ಆ ಸಂಸ್ಥೆಯಲ್ಲಿ ದತ್ತಾಂಶದ ರಕ್ಷಣೆಗೆಂದು ಒಂದಲ್ಲ, ಐದು ಬಗೆಯ ವ್ಯವಸ್ಥೆಗಳಿದ್ದವು. ಅಗತ್ಯ ಬಿದ್ದ ಆ ರಾತ್ರಿ ಅವುಗಳಲ್ಲಿ ಒಂದೂ ನೆಚ್ಚಿಕೊಳ್ಳುವಂತಿರಲಿಲ್ಲ. ಪ್ರತಿದಿನ ಬ್ಯಾಕಪ್ ಪ್ರತಿ ಸೇರಬೇಕಿದ್ದ ಜಾಗ ಬರಿದಾಗಿತ್ತು. ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ 9.6ನೇ ಆವೃತ್ತಿಯದ್ದಾಗಿದ್ದರೆ, ಅದರ ಪ್ರತಿ ತೆಗೆಯುವ ಉಪಕರಣ 9.2ನೇ ಆವೃತ್ತಿಯದ್ದಾಗಿ ಓಡುತ್ತಿತ್ತು. ಆವೃತ್ತಿಗಳು ಹೊಂದದ ಕಾರಣ ಪ್ರತಿ ತೆಗೆಯುವ ಕೆಲಸ ವಿಫಲವಾಗುತ್ತಲೇ ಇತ್ತು. ಈ ವೈಫಲ್ಯವನ್ನು ತಿಳಿಸುವ ಇ-ಮೇಲ್‌ಗಳು ದೃಢೀಕರಣವಿಲ್ಲದವು ಎಂಬ ಕಾರಣಕ್ಕೆ ತಿರಸ್ಕೃತವಾಗುತ್ತಿದ್ದುದರಿಂದ ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ.

ಸಂಸ್ಥೆಯನ್ನು ಕಾಪಾಡಿದ್ದು ಒಂದು ಆಕಸ್ಮಿಕ. ಬೇರೊಂದು ಪರೀಕ್ಷೆಗಾಗಿ ಸುಮಾರು ಆರು ಗಂಟೆ ಮೊದಲು ಎಂಜಿನಿಯರ್ ಒಬ್ಬರು ಕೈಯಾರೆ ತೆಗೆದಿರಿಸಿದ್ದ ಪ್ರತಿಯೊಂದು ಸಿಕ್ಕಿತು. ಅದನ್ನು ಮುಖ್ಯ ಸರ್ವರ್‌ಗೆ ಮರಳಿ ತುಂಬಲು ಸುಮಾರು 18 ಗಂಟೆ ಹಿಡಿಯಿತು. ನಡುವಿನ ಆರು ಗಂಟೆಗಳಲ್ಲಿ ದಾಖಲಾಗಿದ್ದ ಸುಮಾರು 5,000 ಯೋಜನೆಗಳ ವಿವರ, 5,000 ಪ್ರತಿಕ್ರಿಯೆಗಳು ಹಾಗೂ 700 ಹೊಸ ಬಳಕೆದಾರರ ಖಾತೆಗಳು ಕೈಬಿಟ್ಟುಹೋದವು. ಸಂಸ್ಥೆಯು ಈ ವಿವರಗಳನ್ನೆಲ್ಲ ಮುಚ್ಚಿಡದೆ ತಾನೇ ಪ್ರಕಟಿಸಿದ್ದರಿಂದ ಈ ಪ್ರಕರಣ ಜಗತ್ತಿನಾದ್ಯಂತ ಸರ್ವರ್ ನಿರ್ವಾಹಕರಿಗೆ ಪಾಠವಾಗಿದೆ.

ನುರಿತ ಎಂಜಿನಿಯರ್‌ಗಳಿರುವ ಸಂಸ್ಥೆಯ ಸ್ಥಿತಿಯೇ ಹೀಗಿದ್ದರೆ, ವರ್ಷಕ್ಕೆ ಕೆಲವು ಸಾವಿರ ರೂಪಾಯಿ ತೆತ್ತು ಯಾವುದೋ ಸರ್ವರ್‌ನಲ್ಲಿ ಸ್ವಲ್ಪ ಜಾಗ ಪಡೆದಿರುವ ಸಣ್ಣ ಪತ್ರಿಕೆ, ಶಾಲೆ, ಸಂಘ ಇಲ್ಲವೇ ಅಂಗಡಿಯ ತಾಣದ ಗತಿ ಏನು ಎಂಬ ಪ್ರಶ್ನೆ ಸಹಜ.

ತಾಣದ ಜೀವ ಎಲ್ಲಿದೆ?

ಇಂದಿನ ಬಹುತೇಕ ಅಂತರ್ಜಾಲ ತಾಣಗಳಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಕಡತಗಳು. ತಾಣವನ್ನು ನಡೆಸುವ ತಂತ್ರಾಂಶ, ವಿನ್ಯಾಸ, ಚಿತ್ರಗಳು ಇವೆಲ್ಲ ಕಡತಗಳ ರೂಪದಲ್ಲಿರುತ್ತವೆ. ಎರಡನೆಯದು ಡೇಟಾಬೇಸ್, ಅಂದರೆ ದತ್ತಸಂಚಯ. ಲೇಖನಗಳ ಪಠ್ಯ, ಓದುಗರ ಪ್ರತಿಕ್ರಿಯೆ, ಗ್ರಾಹಕರ ಹೆಸರು ಮತ್ತು ವಿಳಾಸ, ಖರೀದಿಯ ಲೆಕ್ಕ, ಸದಸ್ಯರ ಪಟ್ಟಿ ಎಲ್ಲವೂ ಇದರ ಕೋಷ್ಟಕಗಳಲ್ಲಿ ಸಾಲುಸಾಲಾಗಿ ಸಂಗ್ರಹವಾಗುತ್ತವೆ. ವರ್ಡ್‌ಪ್ರೆಸ್ ಬಳಸುವ ತಾಣಗಳಲ್ಲಿ ಈ ಕೆಲಸವನ್ನು ಮೈಎಸ್‌ಕ್ಯೂಎಲ್ ಅಥವಾ ಅದರಿಂದಲೇ ಕವಲೊಡೆದ ಮರಿಯಾಡಿಬಿ ಮಾಡುತ್ತದೆ.

ತಂತ್ರಾಂಶ ಹಾಳಾದರೆ ಅದನ್ನು ಮತ್ತೊಮ್ಮೆ ಇಳಿಸಿಕೊಳ್ಳಬಹುದು, ವಿನ್ಯಾಸವನ್ನು ಮತ್ತೆ ಮಾಡಿಸಬಹುದು. ಆದರೆ ಹತ್ತು ವರ್ಷಗಳ ಲೇಖನಗಳನ್ನೂ ಗ್ರಾಹಕರ ಬಾಕಿ ಲೆಕ್ಕವನ್ನೂ ಮತ್ತೆ ಬರೆಯಲಾಗದು. ಆದ್ದರಿಂದ ತಾಣದ ಜೀವ ಡೇಟಾಬೇಸ್‌ನಲ್ಲಿದೆ ಎಂದರೆ ಅತಿಶಯೋಕ್ತಿಯಾಗದು. ಹಾಗೆಂದು ಕಡತಗಳನ್ನು ಕಡೆಗಣಿಸುವಂತಿಲ್ಲ. ಡೇಟಾಬೇಸ್‌ನಲ್ಲಿ ಚಿತ್ರದ ಹೆಸರು ಮಾತ್ರ ಇರುತ್ತದೆ, ಚಿತ್ರವಿರುವುದು ಕಡತದಲ್ಲಿ. ಎರಡರ ಪ್ರತಿಯೂ ಒಂದೇ ಸಮಯದ್ದಾಗಿರಬೇಕು.

ಪ್ರತಿ ತೆಗೆಯುವ ಬಗೆ

ಸಾಮಾನ್ಯ ಕಡತವನ್ನು ನಕಲು ಮಾಡಿದಂತೆ ಚಾಲನೆಯಲ್ಲಿರುವ ಡೇಟಾಬೇಸ್‌ನ ಕಡತಗಳನ್ನು ನಕಲು ಮಾಡಲಾಗದು. ನಕಲು ನಡೆಯುತ್ತಿರುವಾಗಲೇ ಹೊಸ ದಾಖಲೆಗಳು ಸೇರುತ್ತಿರುತ್ತವೆ, ಹಳೆಯವು ಬದಲಾಗುತ್ತಿರುತ್ತವೆ. ಹೀಗೆ ತೆಗೆದ ಪ್ರತಿಯ ಅರ್ಧ ಭಾಗ ಹತ್ತು ಗಂಟೆಯದ್ದು, ಇನ್ನರ್ಧ ಹತ್ತೂಕಾಲು ಗಂಟೆಯದ್ದು ಆಗಿ, ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಹಣ ಸಂದಾಯವಾದ ದಾಖಲೆ ಇದ್ದು ಸರಕು ಕಾದಿರಿಸಿದ ದಾಖಲೆ ಇಲ್ಲದ ಪ್ರತಿಯಿಂದ ಉಪಯೋಗಕ್ಕಿಂತ ಗೊಂದಲವೇ ಹೆಚ್ಚು.

ಇದಕ್ಕೆಂದೇ ಪ್ರತ್ಯೇಕ ಉಪಕರಣಗಳಿವೆ. ಮೈಎಸ್‌ಕ್ಯೂಎಲ್ ಜೊತೆಗೆ ಬರುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಉಪಕರಣವು ಇಡೀ ಡೇಟಾಬೇಸ್ ಅನ್ನು ಆಜ್ಞೆಗಳ ಪಠ್ಯ ಕಡತವಾಗಿ ಬರೆದುಕೊಡುತ್ತದೆ. 'ಇಂಥ ಕೋಷ್ಟಕವನ್ನು ರಚಿಸು, ಅದರಲ್ಲಿ ಇಂಥ ಸಾಲುಗಳನ್ನು ತುಂಬು' ಎಂಬಂಥ ಆಜ್ಞೆಗಳು ಅದರಲ್ಲಿರುತ್ತವೆ. ಈ ಕಡತವನ್ನು ಬೇರೊಂದು ಸರ್ವರ್‌ನಲ್ಲಿ ಓಡಿಸಿದರೆ ಅದೇ ಡೇಟಾಬೇಸ್ ಅಲ್ಲಿ ಮರುಹುಟ್ಟು ಪಡೆಯುತ್ತದೆ. ಕೋಷ್ಟಕಗಳು ಇನ್ನೋಡಿಬಿ ಮಾದರಿಯವಾಗಿದ್ದರೆ, ಇಡೀ ಪ್ರತಿಯನ್ನು ಒಂದೇ ವ್ಯವಹಾರದೊಳಗೆ ತೆಗೆಯುವ ಆಯ್ಕೆಯನ್ನು ಬಳಸಿ, ತಾಣವನ್ನು ನಿಲ್ಲಿಸದೆಯೇ ಒಂದೇ ಕ್ಷಣದ ಚಿತ್ರವನ್ನು ಪಡೆಯಬಹುದು. ಹಳೆಯ ಮೈಐಸ್ಯಾಮ್ ಮಾದರಿಯ ಕೋಷ್ಟಕಗಳಿಗೆ ಈ ಸೌಲಭ್ಯವಿಲ್ಲ. ಅವುಗಳ ಪ್ರತಿ ತೆಗೆಯುವಾಗ ಬರವಣಿಗೆಗೆ ಬೀಗ ಹಾಕಬೇಕಾಗುತ್ತದೆ. 2010ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.5ನೇ ಆವೃತ್ತಿಯಿಂದ ಇನ್ನೋಡಿಬಿಯೇ ಪೂರ್ವನಿಯೋಜಿತ ಮಾದರಿಯಾಗಿದೆ. ಆದರೂ ಅದಕ್ಕೂ ಮೊದಲು ಆರಂಭವಾದ ತಾಣಗಳಲ್ಲಿ ಹಳೆಯ ಕೋಷ್ಟಕಗಳು ಉಳಿದಿರುವ ಸಾಧ್ಯತೆಯಿದ್ದು, ಒಮ್ಮೆ ಪರಿಶೀಲಿಸುವುದು ಒಳಿತು.

ಅನೇಕ ತಾಣಗಳು ಒಂದೇ ಸರ್ವರ್ ಹಂಚಿಕೊಂಡಿರುವಲ್ಲಿ ಆಜ್ಞೆಗಳನ್ನು ಟೈಪಿಸುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ಸಿಪ್ಯಾನೆಲ್‌ನಂಥ ನಿಯಂತ್ರಣ ಫಲಕಗಳಲ್ಲಿ ಬ್ಯಾಕಪ್ ಇಳಿಸಿಕೊಳ್ಳುವ ಗುಂಡಿ ಇರುತ್ತದೆ, ಪಿಎಚ್‌ಪಿಮೈಅಡ್ಮಿನ್ ಎಂಬ ತಂತ್ರಾಂಶದಲ್ಲಿ 'ಎಕ್ಸ್‌ಪೋರ್ಟ್' ಎಂಬ ಆಯ್ಕೆ ಇರುತ್ತದೆ. ನೆನಪಿಟ್ಟುಕೊಂಡು ಗುಂಡಿ ಒತ್ತುವ ಪದ್ಧತಿ ಹೆಚ್ಚು ದಿನ ನಡೆಯದು. ನಿಗದಿತ ವೇಳೆಗೆ ತಾನಾಗಿಯೇ ಕೆಲಸ ನಡೆಸುವ 'ಕ್ರಾನ್' ಸೌಲಭ್ಯಕ್ಕೆ ಅದನ್ನು ವಹಿಸುವುದೇ ಸರಿ.

ಹೀಗೆ ವಹಿಸಿದ ಮೇಲೂ ಕಣ್ಣಿಟ್ಟಿರಬೇಕು. ಮೈಎಸ್‌ಕ್ಯೂಎಲ್‌ಡಂಪ್ ತನ್ನ ಕೆಲಸ ಮುಗಿಸಿದಾಗ ಕಡತದ ಕೊನೆಯ ಸಾಲಿನಲ್ಲಿ ಪ್ರತಿ ಪೂರ್ಣಗೊಂಡಿತೆಂಬ ಒಕ್ಕಣೆಯನ್ನು ಸಾಮಾನ್ಯವಾಗಿ ದಿನಾಂಕಸಹಿತ ಬರೆಯುತ್ತದೆ. ಆ ಸಾಲು ಇಲ್ಲದಿದ್ದರೆ ಪ್ರತಿ ನಡುವೆಯೇ ತುಂಡಾಗಿದೆ ಎಂದು ಶಂಕಿಸಬೇಕು. ನಿನ್ನೆ 80 ಮೆಗಾಬೈಟ್ ಇದ್ದ ಪ್ರತಿ ಇಂದು ಇದ್ದಕ್ಕಿದ್ದಂತೆ 2 ಮೆಗಾಬೈಟ್ ಆಗಿದ್ದರೆ ಅದೂ ಅಪಾಯದ ಸೂಚನೆಯೇ.

ಒಂದೇ ಸೂರಿನಡಿ ಎರಡು ಪ್ರತಿ

ಪ್ರತಿಯನ್ನು ಎಲ್ಲಿ ಇರಿಸಬೇಕೆಂಬುದು ಮುಂದಿನ ಪ್ರಶ್ನೆ. ಸರ್ವರ್‌ನಲ್ಲಿ ಎರಡು ಡಿಸ್ಕ್‌ಗಳಿದ್ದು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ದಾಖಲಾಗುವ 'ರೇಡ್' ವ್ಯವಸ್ಥೆ ಇದೆಯೆಂದು ನಿಶ್ಚಿಂತರಾಗುವವರಿದ್ದಾರೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ ಎಂಬುದು ನಿಜ. ಆದರೆ ಮೊದಲ ಡಿಸ್ಕ್‌ನಲ್ಲಿ ದತ್ತಾಂಶ ಅಳಿಸಿಹೋದರೆ ಎರಡನೆಯದರಲ್ಲೂ ಅದೇ ಕ್ಷಣ ಅಳಿಸಿಹೋಗುತ್ತದೆ. ಜನರು ದಿನಚರಿ ಬರೆದುಕೊಳ್ಳುತ್ತಿದ್ದ ಜರ್ನಲ್‌ಸ್ಪೇಸ್ ಎಂಬ ತಾಣದಲ್ಲಿ ಆದದ್ದು ಇದೇ. ಅದರ ಡೇಟಾಬೇಸ್‌ಗೆ ಇದ್ದ ಏಕೈಕ ರಕ್ಷಣೆ ಈ ಜೋಡಿ ಡಿಸ್ಕ್. ಎರಡರಲ್ಲೂ ದತ್ತಾಂಶದ ಮೇಲೆ ಬೇರೇನೋ ಬರೆದುಹೋಗಿ, ಬಳಕೆದಾರರ ವರ್ಷಗಟ್ಟಲೆಯ ಬರವಣಿಗೆ ಮರಳಿ ಸಿಗದಂತಾಗಿ, 2009ರ ಆರಂಭದಲ್ಲಿ ತಾಣ ಮುಚ್ಚುವುದಾಗಿ ಪ್ರಕಟಿಸಬೇಕಾಯಿತು. ಮುಖ್ಯ ಸರ್ವರ್‌ನ ಬದಲಾವಣೆಗಳನ್ನೆಲ್ಲ ಅನುಕರಿಸುವ ಎರಡನೆಯ ಡೇಟಾಬೇಸ್ ಸರ್ವರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅದು ಒಳ್ಳೆಯದನ್ನು ಅನುಕರಿಸಿದಷ್ಟೇ ನಿಷ್ಠೆಯಿಂದ ತಪ್ಪನ್ನೂ ಅನುಕರಿಸುತ್ತದೆ.

ಪ್ರತಿಯನ್ನು ಪಕ್ಕದ ಯಂತ್ರದಲ್ಲಿ ಇರಿಸಿದರೂ ಸಾಲದು. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ನಗರದಲ್ಲಿದ್ದ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿ 2021ರ ಮಾರ್ಚ್ 10ರ ಮಧ್ಯರಾತ್ರಿಯ ನಂತರ ಬೆಂಕಿ ಹೊತ್ತಿಕೊಂಡಿತು. ಐದು ಅಂತಸ್ತಿನ ಕಟ್ಟಡವೊಂದು ಸಂಪೂರ್ಣ ಸುಟ್ಟುಹೋಗಿ, ಪಕ್ಕದ ಕಟ್ಟಡವೂ ಭಾಗಶಃ ಹಾನಿಗೀಡಾಯಿತು. ನೆಟ್‌ಕ್ರಾಫ್ಟ್ ಸಂಸ್ಥೆಯ ಲೆಕ್ಕದಂತೆ ಸುಮಾರು 36 ಲಕ್ಷ ತಾಣಗಳು ಸ್ಥಗಿತಗೊಂಡವು. ಬೇರೆಡೆ ಪ್ರತಿ ಇರಿಸಿದ್ದವರು ಚೇತರಿಸಿಕೊಂಡರು, ಪ್ರತಿಯೂ ಅದೇ ಆವರಣದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. 'ರಸ್ಟ್' ಎಂಬ ಆನ್‌ಲೈನ್ ಆಟದ ಐರೋಪ್ಯ ಸರ್ವರ್‌ಗಳ ದತ್ತಾಂಶ ಮರಳಿ ಸಿಗಲೇ ಇಲ್ಲ.

ಸರಕಾರಗಳೂ ಇದಕ್ಕೆ ಹೊರತಲ್ಲ. ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿನ ಸರಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಕಾಣಿಸಿಕೊಂಡಿತು. ಅಧಿಕಾರಿಗಳು ತಮ್ಮ ಕಡತಗಳನ್ನು ಇರಿಸಿಕೊಳ್ಳುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಗಾತ್ರ ಬಹು ದೊಡ್ಡದು ಎಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆ ಇರಿಸಿರಲಿಲ್ಲ.

ಇಂಥ ಅನುಭವಗಳ ಸಾರವೇ ಛಾಯಾಗ್ರಾಹಕ ಪೀಟರ್ ಕ್ರೋ ಅವರು ಜನಪ್ರಿಯಗೊಳಿಸಿದ '3-2-1' ಸೂತ್ರ. ಮೂಲವೂ ಸೇರಿ ದತ್ತಾಂಶದ 3 ಪ್ರತಿಗಳಿರಬೇಕು, ಅವು 2 ಬಗೆಯ ಸಾಧನಗಳಲ್ಲಿರಬೇಕು, ಕನಿಷ್ಠ 1 ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಬೇಕು. ಸಣ್ಣ ತಾಣವೊಂದಕ್ಕೆ ಇದು ದುಬಾರಿಯೇನಲ್ಲ. ಮೂಲ ಸರ್ವರ್‌ನಲ್ಲಿ, ಒಂದು ಪ್ರತಿ ಬೇರೊಂದು ಸಂಸ್ಥೆಯ ಕ್ಲೌಡ್ ಸಂಗ್ರಹದಲ್ಲಿ, ಇನ್ನೊಂದು ಕಚೇರಿಯ ಹಾರ್ಡ್ ಡಿಸ್ಕ್‌ನಲ್ಲಿ ಇದ್ದರೆ ಸೂತ್ರ ಪೂರ್ಣವಾಗುತ್ತದೆ.

ಸುಲಿಗೆಕೋರ ತಂತ್ರಾಂಶಗಳ ಕಾಲದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಇವು ಸರ್ವರ್‌ಗೆ ನುಗ್ಗಿ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುತ್ತವೆ. ಸರ್ವರ್‌ಗೆ ಸದಾ ಜೋಡಿಸಿಕೊಂಡಿರುವ ಬ್ಯಾಕಪ್ ಡಿಸ್ಕ್ ಕೂಡ ಅವುಗಳ ಪಾಲಾಗುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ನಡೆದ ದಾಳಿಯಲ್ಲಿ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಯಾಗಿತ್ತು. ಸಿಬ್ಬಂದಿ ದಿನಗಟ್ಟಲೆ ಕಾಗದದ ಮೇಲೆಯೇ ಕೆಲಸ ನಡೆಸಬೇಕಾಯಿತು. ದಾಳಿಗೆ ಸಿಲುಕದೆ ಉಳಿದಿದ್ದ ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ವ್ಯವಸ್ಥೆಯ ದತ್ತಾಂಶವನ್ನೆಲ್ಲ ಮರಳಿ ಪಡೆಯಲಾಯಿತೆಂದು ಸರಕಾರ ಸಂಸತ್ತಿಗೆ ತಿಳಿಸಿತು. ದೂರವಿರಿಸಿದ ಪ್ರತಿಯ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎಷ್ಟು ಹೊತ್ತಿನ ನಷ್ಟ ಸಹ್ಯ?

ದಿನಕ್ಕೊಂದು ಪ್ರತಿ ಸಾಕೇ, ಗಂಟೆಗೊಂದು ಬೇಕೇ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎಷ್ಟು ಹೊತ್ತಿನ ದಾಖಲೆಗಳು ಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತು ತಾಣ ನಿಂತಿದ್ದರೆ ತಡೆದುಕೊಳ್ಳಬಹುದು? ವಾರಕ್ಕೊಂದು ಲೇಖನ ಪ್ರಕಟಿಸುವ ಸಾಹಿತ್ಯ ತಾಣಕ್ಕೆ ದಿನದ ಪ್ರತಿ ಧಾರಾಳವಾಯಿತು. ನಿಮಿಷಕ್ಕೊಂದು ಖರೀದಿ ನಡೆಯುವ ಅಂಗಡಿಗೆ ಒಂದು ದಿನದ ನಷ್ಟವೆಂದರೆ ಹಣ ಕೊಟ್ಟ ಗ್ರಾಹಕರಿಗೆ ಉತ್ತರಿಸಲಾಗದ ಸ್ಥಿತಿ.

ಅಂಥವರಿಗಾಗಿ ಮೈಎಸ್‌ಕ್ಯೂಎಲ್‌ನಲ್ಲಿ 'ಬೈನರಿ ಲಾಗ್' ಎಂಬ ದಿನಚರಿ ಇದೆ. ಡೇಟಾಬೇಸ್‌ನ ಪ್ರತಿಯೊಂದು ಬದಲಾವಣೆಯೂ ಅದರಲ್ಲಿ ಕ್ರಮವಾಗಿ ದಾಖಲಾಗುತ್ತದೆ. ನಿನ್ನೆ ರಾತ್ರಿಯ ಪ್ರತಿಯನ್ನು ಮೊದಲು ಸ್ಥಾಪಿಸಿ, ನಂತರ ಈ ದಿನಚರಿಯನ್ನು ಓಡಿಸಿ, ಅನಾಹುತದ ಹಿಂದಿನ ಕ್ಷಣಕ್ಕೆ ನಿಲ್ಲಿಸಿದರೆ ನಷ್ಟ ಬಹುಪಾಲು ತಪ್ಪುತ್ತದೆ. ಸ್ವಂತ ಸರ್ವರ್ ಇರುವವರಿಗೆ ಇದು ಲಭ್ಯ. ಹಂಚಿಕೊಂಡ ಸರ್ವರ್‌ಗಳಲ್ಲಿ ಗ್ರಾಹಕರಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಹಳೆಯ ಪ್ರತಿಗಳನ್ನು ಬೇಗ ಅಳಿಸಿಬಿಡುವುದೂ ತರವಲ್ಲ. ತಾಣಕ್ಕೆ ಕನ್ನ ಹಾಕಿದವರು ಇಟ್ಟುಹೋದ ದುಷ್ಟ ಸಂಕೇತವು ಎಷ್ಟೋ ವಾರಗಳ ನಂತರ ಬೆಳಕಿಗೆ ಬರಬಹುದು. ಆಗ ಕೊನೆಯ ಮೂರು ದಿನಗಳ ಪ್ರತಿಗಳಲ್ಲೂ ಅದೇ ಸೋಂಕು ಇರುತ್ತದೆ. ಕಳೆದ ಏಳು ದಿನಗಳ, ನಾಲ್ಕು ವಾರಗಳ ಹಾಗೂ ಕೆಲವು ತಿಂಗಳುಗಳ ಒಂದೊಂದು ಪ್ರತಿಯನ್ನು ಉಳಿಸಿಕೊಳ್ಳುವ ಪದ್ಧತಿ ರೂಢಿಯಲ್ಲಿದೆ.

ಮರುಸ್ಥಾಪನೆಯ ಹೊತ್ತಿನ ಅಡ್ಡಿಗಳು

ಪ್ರತಿ ಕೈಯಲ್ಲಿದ್ದೂ ಮರುಸ್ಥಾಪನೆ ಸೋಲುವುದುಂಟು. ಮೊದಲ ಅಡ್ಡಿ ಗಾತ್ರದ್ದು. ಪಿಎಚ್‌ಪಿಯಲ್ಲಿ ಕಡತ ಏರಿಸುವ ಮಿತಿ ಮೂಲತಃ 2 ಮೆಗಾಬೈಟ್, ಕೆಲಸದ ಅವಧಿ 30 ಸೆಕೆಂಡ್. ಹೋಸ್ಟಿಂಗ್ ಸಂಸ್ಥೆಗಳು ಈ ಮಿತಿಯನ್ನು ಹೆಚ್ಚಿಸಿರುತ್ತವಾದರೂ, ನೂರಾರು ಮೆಗಾಬೈಟ್‌ಗಳ ಪ್ರತಿಯನ್ನು ಪಿಎಚ್‌ಪಿಮೈಅಡ್ಮಿನ್ ಮೂಲಕ ಏರಿಸಹೊರಟರೆ ಅದು ಅರ್ಧಕ್ಕೇ ನಿಲ್ಲಬಹುದು. ಅಂಥ ಸಂದರ್ಭದಲ್ಲಿ ಕಡತವನ್ನು ಮೊದಲು ಸರ್ವರ್‌ಗೆ ಸಾಗಿಸಿ, ಅಲ್ಲಿಯೇ ಆಜ್ಞೆಯ ಮೂಲಕ ತುಂಬಬೇಕಾಗುತ್ತದೆ.

ಎರಡನೆಯ ಅಡ್ಡಿ ಕನ್ನಡಿಗರಿಗೆ ಹೆಚ್ಚು ಸಂಬಂಧಿಸಿದ್ದು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ವಿರಾಮ ಚಿಹ್ನೆಯೂ ಸೇರಿ 5 ಸಂಕೇತಗಳಿದ್ದು, ಅದು 15 ಬೈಟ್‌ಗಳಾಗಿ ದಾಖಲಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಯವರೆಗೂ ಪೂರ್ವನಿಯೋಜಿತ ಲಿಪಿವ್ಯವಸ್ಥೆ ಪಾಶ್ಚಾತ್ಯ ಭಾಷೆಗಳಿಗೆಂದು ಮಾಡಿದ ಲ್ಯಾಟಿನ್-1 ಆಗಿತ್ತು. ಪ್ರತಿ ತೆಗೆಯುವಾಗ ಇಲ್ಲವೇ ತುಂಬುವಾಗ ಲಿಪಿವ್ಯವಸ್ಥೆಯನ್ನು ಸರಿಯಾಗಿ ಸೂಚಿಸದಿದ್ದರೆ ಆ 15 ಬೈಟ್‌ಗಳು 15 ವಿಚಿತ್ರ ಚಿಹ್ನೆಗಳಾಗಿ ತೋರುತ್ತವೆ. ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ದಾಖಲಾಗಿಬಿಟ್ಟರೆ ಮೂಲ ಪಠ್ಯ ಆ ಪ್ರತಿಯಿಂದ ಎಂದೆಂದಿಗೂ ಹೋದಂತೆಯೇ.

ಮೈಎಸ್‌ಕ್ಯೂಎಲ್‌ನಲ್ಲಿ ಬರಿಯ 'ಯುಟಿಎಫ್8' ಎಂದು ಬಹುಕಾಲ ಕರೆಯಲಾಗಿದ್ದ ವ್ಯವಸ್ಥೆಯು 3 ಬೈಟ್‌ವರೆಗಿನ ಸಂಕೇತಗಳನ್ನು ಮಾತ್ರ ಹಿಡಿದಿಡುತ್ತದೆ. ಕನ್ನಡ ಅದರಲ್ಲಿ ಸುರಕ್ಷಿತ. ಆದರೆ ಇಂದಿನ ಓದುಗರು ಧಾರಾಳವಾಗಿ ಬಳಸುವ ಎಮೋಜಿಗಳಿಗೆ 4 ಬೈಟ್ ಬೇಕು. ಹಳೆಯ ವ್ಯವಸ್ಥೆಯ ಕೋಷ್ಟಕಕ್ಕೆ ಇಂಥ ಪಠ್ಯವನ್ನು ತುಂಬಹೊರಟರೆ ಕೆಲಸ ದೋಷದಿಂದ ನಿಲ್ಲಬಹುದು, ಇಲ್ಲವೇ ಎಮೋಜಿಯಿಂದ ಮುಂದಿನ ಪಠ್ಯವೆಲ್ಲ ಕತ್ತರಿಸಿಹೋಗಬಹುದು. ಆದ್ದರಿಂದ ಎರಡೂ ಕಡೆ 'ಯುಟಿಎಫ್8ಎಂಬಿ4' ಬಳಸುವುದೇ ಕ್ಷೇಮ.

ಮೂರನೆಯದು ಆತುರ. ತಾಣ ನಿಂತಿದೆ, ದೂರವಾಣಿ ಕರೆಗಳು ಬರುತ್ತಿವೆ ಎಂಬ ಒತ್ತಡದಲ್ಲಿ ಹಾಳಾದ ಡೇಟಾಬೇಸ್‌ನ ಮೇಲೆಯೇ ಹಳೆಯ ಪ್ರತಿಯನ್ನು ಹೇರಿಬಿಡುವುದುಂಟು. ಆ ಪ್ರತಿಯೂ ದೋಷಪೂರಿತವಾಗಿದ್ದರೆ ಇದ್ದದ್ದೂ ಹೋಗುತ್ತದೆ. ಮೊದಲು ಹಾಳಾದ ಡೇಟಾಬೇಸ್‌ನದ್ದೇ ಒಂದು ಪ್ರತಿ ತೆಗೆದಿರಿಸಬೇಕು. ಬಳಿಕ ಹೊಸದೊಂದು ಖಾಲಿ ಡೇಟಾಬೇಸ್ ರಚಿಸಿ, ಬ್ಯಾಕಪ್ ಅನ್ನು ಅದರೊಳಗೆ ತುಂಬಿ, ಪರೀಕ್ಷಿಸಿದ ನಂತರವಷ್ಟೇ ತಾಣದ ಸಂಪರ್ಕವನ್ನು ಅದಕ್ಕೆ ಬದಲಿಸಬೇಕು.

ಹೊಣೆ ಯಾರದು?

ಹೋಸ್ಟಿಂಗ್ ಸಂಸ್ಥೆಯೇ ಬ್ಯಾಕಪ್ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕರಾರಿನ ಸಣ್ಣ ಅಕ್ಷರಗಳನ್ನು ಓದಿದರೆ ಅನೇಕ ಕಡೆ ಬೇರೆಯೇ ಮಾತಿರುತ್ತದೆ. ಪ್ರತಿಗಳನ್ನು ಸೌಜನ್ಯಕ್ಕಾಗಿ ತೆಗೆಯಲಾಗುವುದೆಂದೂ, ಅವುಗಳ ಲಭ್ಯತೆಗೆ ಖಾತರಿ ಇಲ್ಲವೆಂದೂ, ತನ್ನ ದತ್ತಾಂಶಕ್ಕೆ ಗ್ರಾಹಕನೇ ಹೊಣೆಯೆಂದೂ ಬರೆದಿರುವುದು ಸಾಮಾನ್ಯ. ಹಣ ಪಾವತಿ ತಪ್ಪಿ ಖಾತೆ ರದ್ದಾದರೆ ಅಲ್ಲಿದ್ದ ಪ್ರತಿಗಳೂ ಅದರೊಂದಿಗೇ ಹೋಗುತ್ತವೆ.

ಪ್ರತಿಯ ಗೋಪ್ಯತೆಯೂ ಮುಖ್ಯವೇ. ತಾಣದ ಸಾರ್ವಜನಿಕ ಕಡತಕೋಶದಲ್ಲೇ ಬ್ಯಾಕಪ್ ಬಿಟ್ಟರೆ ಅದರ ವಿಳಾಸ ಊಹಿಸಿದ ಯಾರಾದರೂ ಸದಸ್ಯರ ಪಟ್ಟಿಯನ್ನೆಲ್ಲ ಇಳಿಸಿಕೊಳ್ಳಬಹುದು. ಪ್ರತಿಯನ್ನು ಗೂಢಲಿಪಿಯಲ್ಲಿಟ್ಟು, ಅದರ ಕೀಲಿಯನ್ನು ಬೇರೆಡೆ ಭದ್ರವಾಗಿಡಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಡಿ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಹಂತಹಂತವಾಗಿ ಜಾರಿಯಾಗುವಂಥವು. ವೈಯಕ್ತಿಕ ದತ್ತಾಂಶ ಇರಿಸಿಕೊಂಡವರು ಕೈಗೊಳ್ಳಬೇಕಾದ ಸುರಕ್ಷತಾ ಕ್ರಮಗಳಲ್ಲಿ ಗೂಢಲಿಪಿಯ ಜೊತೆಗೆ ಬ್ಯಾಕಪ್ ಅನ್ನೂ ಅವು ಹೆಸರಿಸಿವೆ. ಇದುವರೆಗೆ ವಿವೇಕದ ಮಾತಾಗಿದ್ದದ್ದು ಇನ್ನು ಕಾನೂನಿನ ಮಾತೂ ಆಗಲಿದೆ.

ತಿಂಗಳಿಗೊಂದು ತಾಲೀಮು

ಇಷ್ಟೆಲ್ಲದರ ಕೊನೆಗೆ ಉಳಿಯುವುದು ಒಂದೇ ಪರೀಕ್ಷೆ. ಇರಿಸಿದ ಪ್ರತಿಯಿಂದ ತಾಣ ನಿಜವಾಗಿಯೂ ಎದ್ದು ನಿಲ್ಲುತ್ತದೆಯೇ? ಗಿಟ್‌ಲ್ಯಾಬ್‌ನ ಐದು ವ್ಯವಸ್ಥೆಗಳನ್ನು ಆ ರಾತ್ರಿಗೆ ಮೊದಲು ಒಮ್ಮೆಯಾದರೂ ಹೀಗೆ ಪರೀಕ್ಷಿಸಿದ್ದರೆ ಬರಿದಾದ ಜಾಗ ಕಣ್ಣಿಗೆ ಬೀಳುತ್ತಿತ್ತು.

ಪರೀಕ್ಷೆ ಕಷ್ಟವೇನಲ್ಲ. ತಿಂಗಳಿಗೊಮ್ಮೆ ಕಚೇರಿಯ ಗಣಕದಲ್ಲೋ ಪ್ರತ್ಯೇಕ ಡೇಟಾಬೇಸ್‌ನಲ್ಲೋ ಇತ್ತೀಚಿನ ಪ್ರತಿಯನ್ನು ತುಂಬಬೇಕು. ಮುಖ್ಯ ಕೋಷ್ಟಕಗಳ ಸಾಲುಗಳ ಸಂಖ್ಯೆಯನ್ನು ಮೂಲದೊಂದಿಗೆ ಹೋಲಿಸಬೇಕು. ಕೊನೆಯ ಲೇಖನ ಇದೆಯೇ, ಒತ್ತಕ್ಷರಗಳು ಸರಿಯಾಗಿವೆಯೇ, ಚಿತ್ರಗಳು ತೆರೆಯುತ್ತವೆಯೇ, ಸದಸ್ಯರೊಬ್ಬರ ಖಾತೆಗೆ ಪ್ರವೇಶ ದೊರೆಯುತ್ತದೆಯೇ ಎಂದು ನೋಡಬೇಕು. ಆರಂಭದಿಂದ ಕೊನೆಯವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಬೇಕು. ಹಂತಗಳನ್ನು ಕಾಗದದ ಮೇಲೆ ಕ್ರಮವಾಗಿ ಬರೆದು, ತಾಣ ನಿರ್ಮಿಸಿದವರು ಊರಲ್ಲಿಲ್ಲದಾಗಲೂ ಬೇರೊಬ್ಬರು ಮಾಡುವಂತಿರಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಬ್ಯಾಕಪ್ ಇಲ್ಲದವರಿಗೆ ಹೇಳಿದ್ದೆಂದು ತೋರುತ್ತದೆ. ಬಾವಿ ತೋಡಿಸಿ ಮುಚ್ಚಳ ಹಾಕಿ, ನೀರಿದೆಯೇ ಎಂದು ಒಮ್ಮೆಯೂ ಇಣುಕಿ ನೋಡದವರ ಸ್ಥಿತಿಯೂ ಅದಕ್ಕಿಂತ ಉತ್ತಮವಲ್ಲ.